ವಾಸನೆಯಿಲ್ಲದ ಗಾಡಿ

ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ನೋಡಿದವರು ಒಂದು ಗಳಿಗೆ ನಿಂತು, ಇಷ್ಟು ದಪ್ಪ ಹಗ್ಗ ಎಲ್ಲಿ ಸಿಕ್ಕಿತು ಎಂದು ಕೇಳುವುದುಂಟು. ಅದು ಹಗ್ಗವಲ್ಲ, ಕಪ್ಪು ವೈರು. ಒಂದು ತುದಿ ನುಗ್ಗೆ ಗಿಡಕ್ಕೆ ಕಟ್ಟಿದೆ, ಇನ್ನೊಂದು ತುದಿ ಬಚ್ಚಲುಮನೆಯ ಕಿಟಕಿಗೆ. ಕಿಟಕಿಯ ಕಡೆ ಮೂರು ಹಲ್ಲಿನ ದೊಡ್ಡ ಪ್ಲಗ್ಗೊಂದು ಇನ್ನೂ ಜೋತಾಡುತ್ತಿದೆ. ಮೊನ್ನೆ ಮಳೆ ಬರುವ ಹಾಗಾಯಿತೆಂದು ಬಟ್ಟೆ ತೆಗೆಯಲು ಓಡಿದಾಗ ಆ ಪ್ಲಗ್ಗು ನನ್ನ ಹಣೆಗೆ ಟಪ್ಪೆಂದು ಬಡಿಯಿತು. ನೋವಾಯಿತು, ನಿಜ. ಆದರೆ ಅದಕ್ಕಿಂತ ಮೊದಲು ನಗು ಬಂತು. ಒಂದು ಕಾಲದಲ್ಲಿ ಈ ಪ್ಲಗ್ಗು ನನ್ನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗಿದೆ. ನನಗಿಂತ ಹೆಚ್ಚಾಗಿ ನನ್ನ ಅವ್ವನನ್ನು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಾನಾಗ ನೇಸರಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ಬೈಲಹೊಂಗಲದಲ್ಲಿ. ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುವುದು. ಬಸ್ಸು ಯಾವತ್ತೂ ನನಗಿಂತ ಎರಡು ನಿಮಿಷ ಮೊದಲು ಹೋಗಿರುತ್ತಿತ್ತು, ಇಲ್ಲವೇ ನಲವತ್ತು ನಿಮಿಷ ತಡವಾಗಿ ಬರುತ್ತಿತ್ತು. ಕಾರು ಕಲಿಯಬೇಕೆಂದು ಒಮ್ಮೆ ನಮ್ಮವರ ಗೆಳೆಯರ ಜೀಪಿನಲ್ಲಿ ಕೂತು ನೋಡಿದ್ದೆ. ಒಂದು ಕಾಲು ಮೆಲ್ಲಗೆ ಎತ್ತುತ್ತಾ ಇನ್ನೊಂದು ಕಾಲು ಮೆಲ್ಲಗೆ ಒತ್ತಬೇಕಂತೆ. ನನ್ನ ಎರಡು ಕಾಲುಗಳಿಗೆ ಮೊದಲಿನಿಂದಲೂ ಒಂದಕ್ಕೊಂದು ಮಾತಿಲ್ಲ. ಜೀಪು ಮೂರು ಸಲ ಕುಪ್ಪಳಿಸಿ ಕಿರಾಣಿ ಅಂಗಡಿಯ ಮುಂದಿದ್ದ ಉಪ್ಪಿನ ಚೀಲಗಳ ಮೇಲೆ ಮೂಗು ಇಟ್ಟಿತು. ಅಲ್ಲಿಗೆ ಆ ವಿದ್ಯೆ ಮುಗಿಯಿತು.

ಆಮೇಲೆ ಬೆಳಗಾವಿಯ ಹಲ್ಲಿನ ಡಾಕ್ಟರೊಬ್ಬರು ತಮ್ಮ ಬ್ಯಾಟರಿ ಕಾರು ಮಾರುತ್ತಾರೆಂದು ಸುದ್ದಿ ಬಂತು. ಅದಕ್ಕೆ ಗೇರು ಇಲ್ಲ, ಕ್ಲಚ್ಚು ಇಲ್ಲ. ಮುಂದೆ ಹೋಗಲು ಒಂದು ತಿರುವು, ಹಿಂದೆ ಬರಲು ಒಂದು ತಿರುವು, ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ನೋಡಲು ಹೋದವಳು ಕೂತು ಕಾಂಪೌಂಡಿನೊಳಗೆ ಒಂದು ಸುತ್ತು ಹೊಡೆದೆ. ಎರಡನೆಯ ಸುತ್ತು ಹೊಡೆದೆ. ಏಳನೆಯ ಸುತ್ತಿಗೆ ಡಾಕ್ಟರೇ ಎದುರು ಬಂದು ನಿಂತರು. ನನಗೆ ಆಗ ನಲವತ್ತೊಂದು ವರ್ಷ, ಆದರೆ ಆ ಹೊತ್ತಿಗೆ ಯಾರಾದರೂ ಕೇಳಿದ್ದರೆ ಹನ್ನೊಂದು ಎಂದೇ ಹೇಳಿಬಿಡುತ್ತಿದ್ದೆ.

ಹಳೆಯ ಬ್ಯಾಟರಿ ಬೈಲಹೊಂಗಲ ಮುಟ್ಟುವ ಭರವಸೆ ಇಲ್ಲದ್ದರಿಂದ ಕಾರನ್ನು ಟೆಂಪೋದ ಮೇಲೆ ಏರಿಸಿ ತಂದೆವು. ನಮ್ಮ ಓಣಿಯಲ್ಲಿ ಹೊಸ ಗಾಡಿಗೆ ಆರತಿ ಎತ್ತುವುದು ಹೊಸದಲ್ಲ, ಆದರೆ ಗಾಡಿಯೇ ಇನ್ನೊಂದು ಗಾಡಿಯ ಮೇಲೆ ಕೂತು ಬಂದದ್ದು ಅದೇ ಮೊದಲು. ಪೇರಲ ಹಣ್ಣಿನ ಹಸಿರು ಬಣ್ಣ, ಎರಡೇ ಬಾಗಿಲು, ದುಂಡನೆಯ ಮುಖ. ಪಕ್ಕದ ಮನೆಯ ಬಸಲಿಂಗಪ್ಪ ಕಾಕಾ ಮುಂದಿನ ಮುಚ್ಚಳ ತೆಗೆಸಿ ನೋಡಿದರು, ಹಿಂದಿನದನ್ನೂ ನೋಡಿದರು.

“ಎಂಜಿನ್ ಎಲ್ಲಿ ಬಿಟ್ಟ ಬಂದ್ರಿ?” ಎಂದು ನಮ್ಮವರನ್ನು ಕೇಳಿದರು.

“ಎಂಜಿನ್ ಇಲ್ಲರಿ ಕಾಕಾ. ಸೀಟಿನ ಕೆಳಗ ಬ್ಯಾಟರಿ ಅದಾವ, ಅಷ್ಟ.”

“ಅಂದ್ರ ಟಾರ್ಚ್ ಮ್ಯಾಲೆ ಕುಂತ ಹೋಗೂದು,” ಎಂದು ಕಾಕಾ ತೀರ್ಪು ಕೊಟ್ಟು ಮನೆಗೆ ಹೋದರು.

ಅವ್ವ ಆರತಿ ಎತ್ತಿದಳು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಗಾಡಿ ಸದ್ದಿಲ್ಲದೆ ಮುಂದೆ ಬಂದಾಗ ನಿಂಬೆಹಣ್ಣು ಒಡೆದ ಶಬ್ದವಷ್ಟೇ ಕೇಳಿತು. ಆಮೇಲೆ ಅವ್ವ ಒಂದು ಕೆಲಸ ಮಾಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿಯೊಳಗೆ ತಲೆ ಹಾಕಿ ಸೀಟು ಮೂಸಿದಳು. ಹಿಂದೆ ಹೋಗಿ ಬಗ್ಗಿ ಅಲ್ಲಿಯೂ ಮೂಸಿದಳು. ಓಣಿಯವರು ನಗುತ್ತಿದ್ದರು. ಅವ್ವ ಮಾತ್ರ ನಗಲಿಲ್ಲ.

“ಸುಮಾ, ಇದಕ್ಕ ವಾಸನಿನ ಇಲ್ಲಲ,” ಎಂದಳು. ಅವಳ ದನಿ ಸಣ್ಣಗಾಗಿತ್ತು.

ಆ ದನಿ ಯಾಕೆ ಸಣ್ಣಗಾಯಿತೆಂಬುದು ನಿಮಗೆ ಗೊತ್ತಾಗಬೇಕಾದರೆ ನಮ್ಮ ಮನೆತನದ ಹೊಟ್ಟೆಯ ವಿಚಾರ ಹೇಳಬೇಕು. ಅವ್ವನಿಗೆ ಬಸ್ಸಿನ ವಾಸನೆ ಆಗುತ್ತಿರಲಿಲ್ಲ. ಬಸ್ಸು ಹೊರಡುವುದೂ ಬೇಡ, ನಿಂತಿದ್ದರೂ ಸಾಕು, ಹೊಟ್ಟೆ ತೊಳೆಸುತ್ತಿತ್ತು. ನಾನು ಸಣ್ಣವಳಿದ್ದಾಗ ಅವಳ ಜೊತೆ ಪ್ರಯಾಣ ಹೊರಟರೆ ನನ್ನ ಕೈಯಲ್ಲಿ ಒಂದು ನಿಂಬೆಹಣ್ಣು, ಒಂದು ಹುಣಸೆಹಣ್ಣಿನ ಉಂಡೆ, ಒಂದು ಮುಚ್ಚಳದ ಡಬ್ಬಿ ಇರುತ್ತಿದ್ದವು. ಉಳಿದ ಮಕ್ಕಳು ಕಿಟಕಿಗೆ ಜಗಳಾಡಿದರೆ ನಮಗೆ ಮಾತ್ರ ಕೇಳದೆಯೇ ಎಲ್ಲರೂ ಕಿಟಕಿ ಬಿಟ್ಟುಕೊಡುತ್ತಿದ್ದರು. ಹಸಿರು ಹೊಲ, ಗುಡ್ಡ, ಹೊಳೆ ಏನೂ ಅವ್ವ ನೋಡಿದವಳಲ್ಲ. ಕಣ್ಣು ಮುಚ್ಚಿ, ನಿಂಬೆಹಣ್ಣು ಮೂಗಿಗೆ ಒತ್ತಿ, ‘ಬಂತೇನ, ಬಂತೇನ’ ಎಂದು ಕೇಳುತ್ತಾ ಕೂತಿರುತ್ತಿದ್ದಳು.

ಅವಳ ಒಬ್ಬಳೇ ತಂಗಿ ನೀಲವ್ವ, ನನ್ನ ಚಿಗವ್ವ, ರಾಮದುರ್ಗದಲ್ಲಿ. ಚಿಗವ್ವನ ಹೊಟ್ಟೆಯೂ ಇದೇ ಹೊಟ್ಟೆ, ಇನ್ನಷ್ಟು ನಾಜೂಕು. ತೊಂಬತ್ತರ ದಶಕದ ನಡುವೆ ಚಿಗವ್ವನ ಮಗನ ಮದುವೆಗೆ ಅವ್ವ ಹಟ ಮಾಡಿ ಬಸ್ಸಿನಲ್ಲಿ ಹೋದಳು. ಸವದತ್ತಿ ದಾಟುವುದರೊಳಗೆ ಅವಳಲ್ಲಿ ಕೂರುವ ಶಕ್ತಿಯೂ ಉಳಿದಿರಲಿಲ್ಲ. ಮದುವೆಮನೆಯಲ್ಲಿ ಎರಡು ದಿನ ಒಳಕೋಣೆಯಲ್ಲಿ ಮಲಗಿದ್ದಳು. ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದದ್ದು ವಾದ್ಯದ ಸದ್ದಿನಿಂದ ಅವಳಿಗೆ ತಿಳಿಯಿತು. ಅಕ್ಕತಂಗಿಯರು ನೆಟ್ಟಗೆ ಹತ್ತು ಮಾತು ಆಡಲಿಲ್ಲ. ತಿರುಗಿ ಬಂದವಳೇ, “ಇನ್ನ ಮ್ಯಾಲೆ ನಾ ಗಾಡಿ ಏರಾಂಗಿಲ್ಲ” ಎಂದಳು, ಏರಲಿಲ್ಲ. ಒಂಬತ್ತು ವರ್ಷ ಆಗಿತ್ತು. ನಡುವೆ ಫೋನು ಇತ್ತು. ಇಬ್ಬರೂ ಫೋನನ್ನು ಕಿವಿಯಿಂದ ಅರ್ಧ ಗೇಣು ದೂರ ಹಿಡಿದು, ಈ ಸಲ ಉಪ್ಪಿನಕಾಯಿಗೆ ಬೂಸು ಬಂತೋ ಇಲ್ಲವೋ ಎಂದು ಕೂಗಿ ಕೇಳಿ ಇಟ್ಟುಬಿಡುತ್ತಿದ್ದರು. ಇಟ್ಟ ಮೇಲೆ ಅವ್ವ ಬಹಳ ಹೊತ್ತು ಫೋನಿನ ಪಕ್ಕದಲ್ಲೇ ಕೂತಿರುತ್ತಿದ್ದಳು.

ಗಾಡಿ ಬಂದ ಮೇಲೆ ನನ್ನ ಬದುಕಿನ ಚಂದವೇ ಬೇರೆಯಾಯಿತು. ರಾತ್ರಿ ಪ್ಲಗ್ಗು ಹಾಕುವುದು, ಬೆಳಿಗ್ಗೆ ತೆಗೆಯುವುದು, ನೇಸರಗಿಗೆ ಹೋಗುವುದು. ಸಾಲೆಯ ಪ್ರಯೋಗಶಾಲೆಯಲ್ಲಿ ದೊಡ್ಡ ಪ್ಲಗ್ಗು ಹಿಡಿಯುವ ಒಂದೇ ಒಂದು ಬೋರ್ಡಿತ್ತು. ವಿದ್ಯುತ್ತಿನ ಪಾಠವನ್ನು ನಾನು ಆ ವರ್ಷ ಕಲಿಸಿದಷ್ಟು ಹುರುಪಿನಿಂದ ಯಾವ ವರ್ಷವೂ ಕಲಿಸಿಲ್ಲ. ತೊಂದರೆ ಒಂದೇ, ಗಾಡಿಗೆ ಸದ್ದಿಲ್ಲ. ರಸ್ತೆಯಲ್ಲಿ ಹೋಗುವ ಎಮ್ಮೆಗಳಿಗೆ ಹಿಂದೆ ಏನೋ ಬಂದಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಹಾರ್ನು ಹೊಡೆದರೆ ಬೆಚ್ಚಿ ಅಡ್ಡ ನಿಲ್ಲುತ್ತಿದ್ದವು. ಕೊನೆಗೆ ಕಿಟಕಿ ಇಳಿಸಿ, ಕ್ಲಾಸಿನಲ್ಲಿ ಹುಡುಗರಿಗೆ ಹೇಳಿದ ಹಾಗೆ, “ಸರೀರಿ, ಸ್ವಲ್ಪ ಸರೀರಿ” ಎನ್ನುವುದನ್ನು ರೂಢಿ ಮಾಡಿಕೊಂಡೆ. ಎಮ್ಮೆಗಳು ಹುಡುಗರಿಗಿಂತ ಚೆನ್ನಾಗಿ ಮಾತು ಕೇಳಿದವು.

ಅವ್ವನನ್ನು ಮೆಲ್ಲಮೆಲ್ಲಗೆ ಗಾಡಿಗೆ ಒಗ್ಗಿಸಿದೆ. ಮೊದಲು ಓಣಿಯ ತುದಿಯವರೆಗೆ. ನಿಂಬೆಹಣ್ಣು ಕೈಯಲ್ಲಿತ್ತು, ಮೂಗಿಗೆ ಹೋಗಲಿಲ್ಲ. ಮರುವಾರ ಪೇಟೆಗೆ, ಆಮೇಲೆ ಒಮ್ಮೆ ನೇಸರಗಿಗೆ. ಒಂದು ಭಾನುವಾರ ಧೈರ್ಯ ಮಾಡಿ ಕಿತ್ತೂರಿಗೇ ಹೋದೆವು. ಕೋಟೆಯ ಹತ್ತಿರ ಗಾಡಿ ನಿಲ್ಲಿಸಿ ಮಿರ್ಚಿಭಜಿ ಕಟ್ಟಿಸಿಕೊಂಡು ಬಂದೆ. ಇಳಿದು ತಿನ್ನೋಣ ಎಂದರೆ ಅವ್ವ ಒಲ್ಲೆ ಎಂದಳು.

“ಇಲ್ಲೇ ತಿಂತೇನಿ. ಗಾಡಿ ಬಿಡ ನೀ.”

“ನಡಿಯೂ ಗಾಡ್ಯಾಗ ತಿಂತೀಯೇನ ಅವ್ವಾ?”

“ಬಿಡಂದ್ರ ಬಿಡ.”

ತಿರುಗಿ ಬರುವಾಗ ದಾರಿಯುದ್ದಕ್ಕೂ ತಿಂದಳು. ನನ್ನ ಪಾಲಿನದನ್ನೂ ಬಿಡಲಿಲ್ಲ. ಕಿಟಕಿಯಿಂದ ಜೋಳದ ಹೊಲ ನೋಡುತ್ತಾ, ಈ ಊರು ಯಾವುದು, ಆ ಗುಡಿ ಯಾವುದು ಎಂದು ಕೇಳುತ್ತಿದ್ದಳು. ಅರವತ್ತೆಂಟು ವರ್ಷದ ಹೆಣ್ಣುಮಗಳು ತನ್ನ ತಾಲೂಕನ್ನು ಮೊದಲ ಸಲ ಕಣ್ಣು ತೆರೆದು ನೋಡುತ್ತಿದ್ದಳು. ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಬ್ಯಾಟರಿಯ ಚಾರ್ಜು ತೋರಿಸುವ ಮುಳ್ಳು ಕೆಂಪಿಗೆ ಬಂದದ್ದನ್ನೂ ಗಮನಿಸಲಿಲ್ಲ. ಮನೆಯ ಮುಂದೆ ಇಳಿದಾಗ ಅವ್ವ ಬಾಯಿ ಒರೆಸಿಕೊಂಡು ಕೇಳಿದಳು.

“ರಾಮದುರ್ಗ ಇದಕ್ಕಿಂತ ಎಷ್ಟ ದೂರ ಆಗತೈತಿ?”

ಇದಕ್ಕಿಂತ ಬಹಳ ದೂರ. ಒಂದು ಸಲ ತುಂಬಿದರೆ ಹಳೆಯ ಬ್ಯಾಟರಿ ಐವತ್ತು ಕಿಲೋಮೀಟರಿನ ಸುತ್ತಮುತ್ತ ಎಳೆಯುತ್ತಿತ್ತು. ಸವದತ್ತಿಯಲ್ಲಿ ನಿಂತು ತುಂಬಿಸಿಕೊಂಡರೆ ಆದೀತು. ನಮ್ಮ ಸಾಲೆಯ ಮಾಸ್ತರರೊಬ್ಬರ ಷಡ್ಡಕರು ಮಲ್ಲಪ್ಪನವರು ಅಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದರು. ಅವರ ಗಿರಣಿಯಲ್ಲಿ ದೊಡ್ಡ ಪ್ಲಗ್ಗಿನ ಬೋರ್ಡು ಇದೆಯೆಂದು ವಿಚಾರಿಸಿಕೊಂಡೆ. ಸಂಕ್ರಾಂತಿಯ ಭೋಗಿಗೆ ಅಕ್ಕ ತಂಗಿಯ ಮನೆಯಲ್ಲಿರಬೇಕು, ಹಿಂದಿನ ದಿನವೇ ಹೊರಡುವುದು ಎಂದು ನಿಶ್ಚಯವಾಯಿತು. ಅವ್ವ ಎರಡು ದಿನ ಒಲೆ ಬಿಟ್ಟು ಏಳಲಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಮೂರು ಬಗೆಯ ಚಟ್ನಿ, ಎಣ್ಣೆಗಾಯಿಗೆಂದು ಒಂದು ಚೀಲ ಬದನೆಕಾಯಿ. ನಮ್ಮವರು ನೋಡಿ ಗಾಬರಿಯಾದರು. ತಮ್ಮ ಭಾರಕ್ಕೆ ಹತ್ತು ಕಿಲೋಮೀಟರು ಕಡಿಮೆಯಾದೀತೆಂದು ಪಾಪ ಅವರು ತಾವೇ ಉಳಿದುಕೊಂಡಿದ್ದರು.

“ಎರಡ ಗಂಟು ತಗೀರಿ ಅತ್ತೀ. ಗಾಡಿ ಸಣ್ಣದು, ಜಗ್ಗಾಂಗಿಲ್ಲ,” ಎಂದು ಕೆಳಗಿಳಿಸಿದರು. ಅವ್ವ ಸುಮ್ಮನೆ ತಲೆಯಾಡಿಸಿದಳು. ಅಷ್ಟು ಸುಲಭಕ್ಕೆ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು.

ಬೆಳಿಗ್ಗೆ ಬೇಗ ಹೊರಟೆವು. ಚಳಿ ಇತ್ತು, ಕಡಲೆ ಹೊಲಗಳ ಮೇಲೆ ಇಬ್ಬನಿ ಇತ್ತು, ಅವ್ವ ನಡುನಡುವೆ ಸಣ್ಣಗೆ ಹಾಡುತ್ತಿದ್ದಳು. ಅರ್ಧ ದಾರಿಗೆ ಮುಳ್ಳು ಅರ್ಧಕ್ಕಿಂತ ಕೆಳಗೆ ಬಂತು. ಸವದತ್ತಿಯ ಏರಿನಲ್ಲಿ ಗಾಡಿ ದಮ್ಮು ಹತ್ತಿದವರ ಹಾಗೆ ನಿಧಾನವಾಯಿತು. ಊರು ಸೇರಿದಾಗ ಮುಳ್ಳು ಕೆಂಪಿನಲ್ಲಿತ್ತು. ಇಳಿದು ಹಿಂದೆ ನೋಡಿದರೆ ನಮ್ಮವರು ತೆಗೆದಿಟ್ಟ ಎರಡೂ ಗಂಟು ಚಾದರದ ಕೆಳಗೆ ಕೂತಿವೆ.

“ಅವ್ವಾ, ಏನಿದು?”

“ತಂಗಿ ಮನಿಗಿ ಒಂಬತ್ತ ವರ್ಷದ ಮ್ಯಾಲೆ ಹೊಂಟೇನಿ. ಬರಿಗೈಲೆ ಹೋಗ ಅಂತೀಯೇನ?”

ಗಿರಣಿಗೆ ಹೋದರೆ ಅಲ್ಲಿ ಇನ್ನೊಂದು ಫಜೀತಿ. ನಾಳೆ ಭೋಗಿ. ಊರಿನ ಹೆಂಗಸರೆಲ್ಲ ಸಜ್ಜೆ ಬೀಸಿಸಲು ಬಂದಿದ್ದಾರೆ. ಬುಟ್ಟಿ, ಡಬ್ಬಿ, ಬಕೀಟುಗಳ ಪಾಳಿ ಬಾಗಿಲಿನಿಂದ ರಸ್ತೆಯವರೆಗೆ ನಿಂತಿದೆ. ಮಲ್ಲಪ್ಪನವರು ನಮ್ಮನ್ನು ಬಾಯಿತುಂಬ ಸ್ವಾಗತ ಮಾಡಿ ಪ್ಲಗ್ಗು ಹಾಕಿಸಿದರು. ಗಿರಣಿ ಓಡುತ್ತಿತ್ತು. ಫಟ್ಟೆಂದಿತು, ಎಲ್ಲ ನಿಂತಿತು.

“ಎರಡೂ ಕೂಡೇ ನಡ್ಯಾಂಗಿಲ್ಲ ಕಾಣಸ್ತೈತ್ರಿ ಅಕ್ಕೋರ. ಫ್ಯೂಜ್ ಹೋತು,” ಎಂದರು ಮಲ್ಲಪ್ಪನವರು, ಹೊಸ ತಂತಿ ಕಟ್ಟುತ್ತಾ. “ಗಿರಣಿ ಬಂದ್ ಮಾಡಿದ್ರ ನಿಮ್ಮ ಗಾಡಿ, ಗಾಡಿ ತಗದ್ರ ಗಿರಣಿ. ಮಧ್ಯಾಹ್ನ ಒಂದಕ್ಕ ಕರೆಂಟ್ ಹೋದ್ರ ಮತ್ತ ಸಂಜಿಗೇ ಬರೂದು.”

ಆಗ ಒಂಬತ್ತೂವರೆ. ಗಾಡಿ ರಾಮದುರ್ಗ ಮುಟ್ಟುವಷ್ಟು ತುಂಬಲು ಏನಿಲ್ಲವೆಂದರೂ ಮೂರು ತಾಸು ಬೇಕು. ಪಾಳಿಯಲ್ಲಿ ಮೊದಲು ನಿಂತಿದ್ದ ದಪ್ಪ ಹೆಂಗಸೊಬ್ಬಳು ಸೊಂಟದ ಮೇಲೆ ಕೈ ಇಟ್ಟಳು.

“ಗಾಡಿ ಆದ್ರೇನ, ಬುಟ್ಟಿ ಆದ್ರೇನ, ಪಾಳಿ ಅಂದ್ರ ಪಾಳಿ. ನಾವು ಆರಕ್ಕ ಬಂದ ಕುಂತೇವಿ. ನಿಮ್ಮದೊಂದು ಡಬ್ಬಿ ಹಿಂದ ಇಡ್ರಿ.”

ಇಟ್ಟೆ. ಏನು ಮಾಡಲಿ? ನಮ್ಮ ಊಟದ ಸ್ಟೀಲು ಡಬ್ಬಿಯನ್ನು ಗಾಡಿಯ ಪರವಾಗಿ ಪಾಳಿಯ ಕೊನೆಗೆ ಇಟ್ಟು ನಿಂತೆ. ನಮ್ಮ ಮುಂದೆ ಹದಿಮೂರು ಬುಟ್ಟಿ. ವಿಜ್ಞಾನದ ಟೀಚರು ನಾನು, ಫ್ಯೂಜಿಗೆ ದಪ್ಪ ತಂತಿ ಹಾಕಿದರೆ ಏನಾದೀತೆಂದು ಮನಸ್ಸಿನಲ್ಲೇ ಲೆಕ್ಕ ಮಾಡಿದೆ. ಗಿರಣಿಗೆ ಬೆಂಕಿ ಹತ್ತೀತೆಂದು ಉತ್ತರ ಬಂತು. ತಿರುಗಿ ಹೋಗೋಣವೆಂದರೆ ಅದಕ್ಕೂ ಕರೆಂಟು ಬೇಕು. ಬಸ್ಸು ಅವ್ವನಿಗೆ ಆಗದು. ಒಂಬತ್ತು ವರ್ಷದ ಮೇಲೆ ಅರ್ಧ ದಾರಿಗೆ ತಂದು ಬಿಟ್ಟೆನಲ್ಲ ಎಂದು ನನಗೆ ಅಳುವೇ ಬಂತು.

ಅವ್ವ ಇಷ್ಟೂ ಹೊತ್ತು ಗಾಡಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಇಳಿದು ಬಂದಳು. ಬುಟ್ಟಿಯೊಂದರಲ್ಲಿ ಕೈ ಹಾಕಿ ಸಜ್ಜೆ ಮುಟ್ಟಿ ನೋಡಿದಳು.

“ಎಲ್ಲಾರದೂ ಸಜ್ಜೀನ ಏನವಾ?”

“ಹೌದ್ರಿ ಆಯಿ. ನಾಳಿಗಿ ರೊಟ್ಟಿ ಮಾಡಬೇಕಲ್ಲ.”

“ನಿಮಗ ಬೇಕಾದದ್ದು ಹಿಟ್ಟೋ ರೊಟ್ಟಿಯೋ?”

ಅವ್ವ ಗಾಡಿಗೆ ಹೋಗಿ ಚಾದರ ಎಳೆದು ದೊಡ್ಡ ಗಂಟು ಹೊತ್ತುಕೊಂಡು ಬಂದು ಗಿರಣಿಯ ಕಟ್ಟೆಯ ಮೇಲೆ ಬಿಚ್ಚಿದಳು. ಬಿಳಿ ಧೋತರದ ನಡುವೆ ತೆಳ್ಳಗೆ, ಗರಿಗರಿ, ಒಂದರ ಮೇಲೊಂದು ಸಜ್ಜಿ ರೊಟ್ಟಿ. ನೂರರ ಮೇಲಿದ್ದವು.

“ರೊಟ್ಟಿ ನಾ ಕೊಡತೇನಿ, ಪಾಳಿ ನೀವ ಕೊಡ್ರಿ. ನಿಮ್ಮ ಹಿಟ್ಟ ಸಂಜೀಕ ಬೀಸಿಸಿಕೊಳ್ರಿ. ನಾ ನನ್ನ ತಂಗೀನ್ನ ನೋಡಾಕ ಹೊಂಟೇನಿ. ಒಂಬತ್ತ ವರ್ಷ ಆತು.”

ದಪ್ಪ ಹೆಂಗಸು ಒಂದು ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿಕೊಂಡು ಅಗಿದಳು. ಪಾಳಿಯೆಲ್ಲ ಅವಳ ಬಾಯಿಯನ್ನೇ ನೋಡುತ್ತಿತ್ತು.

“ಎಳ್ಳ ಛಲೋ ಹುರದೀರಿ,” ಎಂದಳು. ಇನ್ನೊಂದು ತುಂಡು ಮುರಿದು, “ಚಟ್ನಿ ಐತೇನ್ರಿ?” ಎಂದಳು.

ಚಟ್ನಿಯೂ ಇಳಿಯಿತು. ಬದನೆಕಾಯಿಯೂ ಇಳಿಯಿತು. ಹದಿಮೂರು ಬುಟ್ಟಿಯವರೂ ಪಾಳಿ ಬಿಟ್ಟರು. ಒಬ್ಬಳು ಮಾತ್ರ ರೊಟ್ಟಿ ಬೇಡವೆಂದಳು. ತನ್ನ ಅಕ್ಕನೂ ದೂರ ಗೋಕಾಕದಲ್ಲಿದ್ದಾಳೆ, ಏನೂ ಕೊಡದೆ ಹಾಗೇ ಹೋಗಿರಿ ಎಂದಳು. ಅವಳಿಗೆ ಅವ್ವ ಎರಡು ಹೋಳಿಗೆ ಒತ್ತಾಯದಿಂದ ಕೊಟ್ಟಳು. ಮಲ್ಲಪ್ಪನವರು ಗಿರಣಿ ನಿಲ್ಲಿಸಿ ನನ್ನ ಪ್ಲಗ್ಗು ಹಾಕಿದರು. ಮೂರು ತಾಸಿನ ಮೇಲೆ, ಕರೆಂಟು ಹೋಗುವವರೆಗೆ, ಯಾವ ಹೆಂಗಸೂ ಮನೆಗೆ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಾ ಗಾಡಿಯ ಮುಳ್ಳು ಏರುವುದನ್ನು ಪಾಳಿಯ ಪ್ರಕಾರ ಬಂದು ನೋಡಿ ಹೋದರು.

ಸವದತ್ತಿ ಬಿಟ್ಟಾಗ ಗಾಡಿ ಹಗುರಾಗಿತ್ತು, ಓಟವೇ ಬೇರೆ. ನಾನು ಕುಣಿಯುವುದೊಂದು ಬಾಕಿ. ಅವ್ವ ಮಾತ್ರ ಮಡಿಲಲ್ಲಿ ಉಳಿದ ಆರು ರೊಟ್ಟಿಯ ಗಂಟು ಹಿಡಿದುಕೊಂಡು ಕೂತಿದ್ದಳು.

“ಬರಿಗೈಲೆ ಹೊಂಟಂಗಾತ ನೋಡ,” ಎಂದಳು ಒಮ್ಮೆ. ಅವಳ ಮುಖ ನೋಡಿ ನನ್ನ ಕುಣಿತವೂ ನಿಂತಿತು. ಎರಡು ದಿನ ಹೊಗೆಯಲ್ಲಿ ಕೂತು ಬಡಿದ ರೊಟ್ಟಿ ಅವು.

ರಾಮದುರ್ಗ ಇನ್ನೂ ಎಂಟು ಕಿಲೋಮೀಟರು ಇರುವಾಗ ಮುಳ್ಳು ಮತ್ತೆ ಕೆಂಪಿಗೆ ಬಂತು. ಅವ್ವ ಸೀಟಿನ ತುದಿಗೆ ಬಂದು ಕೂತಳು.

“ನಾ ಉಸರ ಬಿಗಿಹಿಡದ ಕುಂತರ ಏನರ ಹಗರ ಆಗತೈತೇನ?”

“ಆಗತೈತಿ, ಹಿಡಿ,” ಎಂದೆ. ವಿಜ್ಞಾನ ಕಲಿಸುವವಳು ಆಡುವ ಮಾತಲ್ಲ. ಆದರೆ ನಾನೂ ಹಿಡಿದಿದ್ದೆ.

ಚಿಗವ್ವನ ಓಣಿ ಹೊಕ್ಕಾಗ ಗಾಡಿ ನಡೆಯುವವರಿಗಿಂತ ನಿಧಾನವಾಗಿತ್ತು. ಮೂರು ಮನೆ ಈಚೆ ನಿಂತೇಬಿಟ್ಟಿತು. ಚಿಗವ್ವ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಬೆಳಗಿನಿಂದ ಕೂತಿದ್ದಳಂತೆ. ಗಾಡಿಯ ಸದ್ದು ಕೇಳೀತೆಂದು ಪೇಟೆಯ ಕಡೆಗೆ ಮುಖ ಮಾಡಿಕೊಂಡಿದ್ದಳು. ನಾವು ಬಂದದ್ದು ಆಚೆ ಕಡೆಯಿಂದ, ಸದ್ದೇ ಇಲ್ಲದೆ. ಅವ್ವ ಇಳಿದು ಹೋಗಿ ಅವಳ ಬೆನ್ನ ಹಿಂದೆ ನಿಂತಳು.

“ನೀಲಾ.”

ಚಿಗವ್ವ ತಿರುಗಿದಳು. ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಂಬತ್ತು ವರ್ಷದ ಮೇಲೆ ಮುಖಾಮುಖಿಯಾಗಿ ಅವಳ ಬಾಯಿಂದ ಬಂದ ಮೊದಲ ಮಾತು ಇದು.

“ವಾಂತಿ ಆತೇನ?”

“ಇಲ್ಲ.”

“ಒಂದ ಸಲಾನೂ?”

“ಒಂದ ಸಲಾನೂ ಇಲ್ಲ.”

ಆಮೇಲೆ ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಅತ್ತರು. ನಾನು ಗಾಡಿಯ ಪಕ್ಕದಲ್ಲಿ ನಿಂತು ಅತ್ತೆ. ಅವ್ವ ಗಂಟು ಬಿಚ್ಚಿ ಆರು ರೊಟ್ಟಿ ತೋರಿಸಿ, ಇಷ್ಟೇ ಉಳಿದವು ಎಂದು ಗಿರಣಿಯ ಕತೆ ಹೇಳಿದಾಗ ಚಿಗವ್ವ ನಕ್ಕು ನಕ್ಕು ಕಟ್ಟೆಯ ಮೇಲೆ ಕೂತುಬಿಟ್ಟಳು. ಒಳಗೆ ಅವಳೂ ಅಕ್ಕನಿಗೆಂದು ನೂರು ಬಡಿದಿಟ್ಟಿದ್ದಳು.

ಗಾಡಿಯನ್ನು ತಳ್ಳಿ ಹಿತ್ತಲಿಗೆ ತಂದೆವು. ಅಲ್ಲಿ ಬೋರಿನ ಮೋಟಾರಿನ ಬೋರ್ಡಿತ್ತು. ವೈರು ಚಾಚಿ ಪ್ಲಗ್ಗು ಹಾಕಿದೆ.

“ಇದು ತುಂಬಾಕ ಎಷ್ಟ ಹೊತ್ತ ಬೇಕು?” ಅವ್ವ ಕೇಳಿದಳು.

“ಪೂರಾ ತುಂಬಾಕ ಎಂಟ ತಾಸು. ಭೋಗಿ, ಸಂಕ್ರಾಂತಿ ಮುಗಿಸಿ ಮರುದಿನ ನಸುಕಿನ್ಯಾಗ ಹೊಂಡೋಣ. ನನಗ ಸಾಲಿ ಐತಿ.”

“ತುಂಬದಿದ್ರ?”

“ತುಂಬದಿದ್ರ ಹೆಂಗ ಹೋಗೂದ ಅವ್ವಾ?”

ಅವ್ವ ತಲೆಯಾಡಿಸಿದಳು.

ಭೋಗಿ ಆಯಿತು. ಸಂಕ್ರಾಂತಿ ಆಯಿತು. ಹೊರಡುವ ದಿನ ನಸುಕಿನಲ್ಲಿ ನೋಡಿದರೆ ಮುಳ್ಳು ಕೆಂಪು ಬಿಟ್ಟು ಅಲುಗಿಲ್ಲ. ಹೆಡ್‌ಮಾಸ್ತರರಿಗೆ ಫೋನು ಮಾಡಿ ಒಂದು ದಿನ ರಜೆ ಕೇಳಿದೆ. ಟೆಸ್ಟರು ತಂದು ಬೋರ್ಡು ಬಿಚ್ಚಿದೆ, ಫ್ಯೂಜು ನೋಡಿದೆ, ವೈರು ಉದ್ದಕ್ಕೂ ಹಿಚುಕಿ ನೋಡಿದೆ. ಎಲ್ಲ ಸರಿಯಾಗಿತ್ತು, ಸ್ವಿಚ್ಚೂ ಹಾಕಿಯೇ ಇತ್ತು. ಬ್ಯಾಟರಿಯೇ ಸತ್ತಿರಬೇಕೆಂದು ಮೋರೆ ಸಣ್ಣ ಮಾಡಿಕೊಂಡು ಒಳಗೆ ಹೋಗಿ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ.

ಅವ್ವ ಕೈಯಲ್ಲಿ ಚರಿಗೆ ಹಿಡಿದುಕೊಂಡು ಹಿತ್ತಲಿಗೆ ಬಂದಳು. ಹಿಂದೆಯೇ ಚಿಗವ್ವ. ಚಿಗವ್ವ ಬಾಗಿಲಲ್ಲಿ ನಿಂತು ಒಳಗೆ ಹೊರಗೆ ನೋಡಿ ಸನ್ನೆ ಮಾಡಿದಳು. ಅವ್ವ ಬೋರ್ಡಿನ ಹತ್ತಿರ ಹೋಗಿ ಹೆಬ್ಬೆರಳಿನಿಂದ ಸ್ವಿಚ್ಚು ಬಂದ್ ಮಾಡಿದಳು. ಹೀಗೆ ಬಂದ್ ಮಾಡಿ, ನಾನು ನೋಡಲು ಬರುವ ಮೊದಲು ಮತ್ತೆ ಹಾಕಿಡುತ್ತಿದ್ದಳೆಂದು ಆಗ ತಿಳಿಯಿತು. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾ ಒಳಗೆ ಹೋದರು. ಚರಿಗೆಯಲ್ಲಿ ನೀರಿರಲಿಲ್ಲ.

ನಾನು ಚಹಾ ಮುಗಿಸಿ ಹೆಡ್‌ಮಾಸ್ತರರಿಗೆ ಮತ್ತೆ ಫೋನು ಮಾಡಿದೆ.

“ಗಾಡಿ ಚಾರ್ಜ್ ಆಗವಲ್ದರಿ ಸರ್. ಇನ್ನೂ ಎರಡ ದಿನ ಹಿಡಿಬಹುದು.”

“ವಿಜ್ಞಾನದ ಟೀಚರ್ ನೀವು. ಏನಾಗೇತಿ ಅನ್ನೂದು ಗೊತ್ತಾಗಲಿಲ್ಲೇನ್ರಿ?” ಎಂದರು ಅವರು.

“ಇಲ್ಲರಿ ಸರ್. ನನಗೂ ತಿಳೀವಲ್ದು,” ಎಂದೆ.

ಮಧ್ಯಾಹ್ನ ಅವ್ವನಿಗೂ ಚಿಗವ್ವನಿಗೂ ಅನುಮಾನ ಬರಬಾರದೆಂದು ನಾನೇ ಎಲ್ಲರೆದುರು ಸ್ವಿಚ್ಚು ಹಾಕಿದೆ. ಊಟ ಆಯಿತು. ಅಕ್ಕತಂಗಿಯರು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಾತಿಗೆ ಕೂತರು. ಉಪ್ಪಿನಕಾಯಿಯ ಮಾತಲ್ಲ, ನಾನು ಹುಟ್ಟುವ ಮೊದಲಿನ ಯಾವುದೋ ಮಾತು. ಮಾತಿನ ನಡುವೆ ಚಿಗವ್ವನ ಕೈ ಅವ್ವನ ಮಡಿಲಿಗೆ ಬಂದಿತ್ತು. ಒಂದು ತಾಸು ಆಯಿತು, ಎರಡು ತಾಸು ಆಯಿತು. ಇಬ್ಬರಿಗೂ ಗಾಡಿಯ ನೆನಪೇ ಇರಲಿಲ್ಲ. ಹಿತ್ತಲಲ್ಲಿ ಮುಳ್ಳು ಏರುತ್ತಿತ್ತು.

ನಾನು ಸದ್ದಾಗದ ಹಾಗೆ ಎದ್ದು ಹೋಗಿ ಸ್ವಿಚ್ಚು ಬಂದ್ ಮಾಡಿ ಬಂದೆ.